ಮಸ್ಕತ್‌ನಿಂದ ಬಂದವನು

2021ರ ಸೆಪ್ಟೆಂಬರ್‌ನಿಂದ 2022ರ ನವೆಂಬರ್‌ವರೆಗೆ ನಾನು ಮಸ್ಕತ್‌ನಲ್ಲಿದ್ದೆ. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಅಲ್ಲೊಂದು ಕಂಪನಿಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ, ಊಟ ರೂಮು ಎಲ್ಲ ಅವರದ್ದೇ, ಫೋನು ಮಾತ್ರ ಸರಿಯಾಗಿ ಸಿಗಲ್ಲ. ಇದು ನಮ್ಮಮ್ಮ ಕಟ್ಟಿದ ಕತೆ. ಪಾಪ, ಅವರು ಮಸ್ಕತ್ ಅನ್ನೋ ಹೆಸರು ಕೇಳಿದ್ದೇ ಅದೇ ಮೊದಲಿರಬೇಕು, ರೇಷನ್ ಅಂಗಡಿ ಸಾಲಿನಲ್ಲಿ ಯಾರೋ ತಮ್ಮ ಅಳಿಯನ ವಿಷಯ ಹೇಳುತ್ತಿದ್ದದ್ದು ಕಿವಿಗೆ ಬಿದ್ದಿತ್ತು, ಅದನ್ನೇ ತಂದು ನನಗೆ ಅಂಟಿಸಿದರು. ನಿಜ ಏನೆಂದರೆ ಆ 14 ತಿಂಗಳು ನಾನು ಸೆಂಟ್ರಲ್ ಜೈಲಿನಲ್ಲಿದ್ದೆ. ಎನ್‌ಡಿಪಿಎಸ್ ಕೇಸು, ಅಂದರೆ ಮಾದಕ ವಸ್ತುವಿನ ಕೇಸು. ಬ್ರೌನ್ ಶುಗರ್, ಅಂದರೆ ಕಲಬೆರಕೆ ಹೆರಾಯಿನ್, 7 ಗ್ರಾಂ.

ಇದನ್ನು ಬರೆಯಬೇಕು ಅಂತ ತುಂಬ ದಿನದಿಂದ ಇತ್ತು. ತಂಗಿಯ ಮದುವೆ ಆಗಲಿ ಅಂತ ಕಾದಿದ್ದೆ. ಆಯಿತು. ಹುಡುಗನಿಗೆ ನಾನೇ ಕೂರಿಸಿಕೊಂಡು ಎಲ್ಲ ಹೇಳಿದ್ದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮನೆಯಲ್ಲಿ ಮಾತ್ರ ಹೇಳೋದು ಬೇಡ ಭಾವ ಅಂದ. ಹಾಗಾಗಿ ಬೀಗರ ಮನೆಗೂ ನಾನು ಮಸ್ಕತ್‌ನವನೇ. ಮದುವೆಯಲ್ಲಿ ಅವರ ಕಡೆಯ ಹಿರಿಯರೊಬ್ಬರು ಅಲ್ಲಿ ದೇವಸ್ಥಾನ ಇದೆಯೇನಪ್ಪ ಅಂತ ಕೇಳಿದರು. ಇದೆ, ಶಿವನ ದೇವಸ್ಥಾನ, ಹಳೇದು ಅಂದೆ. ಅದು ನಿಜವೂ ಹೌದು. ಮೊಬೈಲಿನಲ್ಲಿ ನೋಡಿ ತಿಳಿದುಕೊಂಡಿದ್ದೆ. ಸುಳ್ಳು ಹೇಳುವವನಿಗೆ ಜನರಲ್ ನಾಲೆಡ್ಜ್ ಜಾಸ್ತಿ ಬೇಕಾಗುತ್ತದೆ. ಒಂದು ಒಮಾನಿ ರಿಯಾಲ್‌ಗೆ ಇನ್ನೂರು ಚಿಲ್ಲರೆ ರೂಪಾಯಿ ಅನ್ನುವುದೂ ನನಗೆ ಗೊತ್ತು.

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಸೈಟುಗಳಲ್ಲಿ ವೈರಿಂಗ್ ಮಾಡುತ್ತಿದ್ದಾಗ ಪುಡಿ ಶುರುವಾಯಿತು. ಹೇಗೆ ಶುರುವಾಯಿತು ಅನ್ನುವುದನ್ನು ನಾನು ಬರೆಯುವುದಿಲ್ಲ. ಎಲ್ಲರ ಕತೆಯೂ ಅಲ್ಲಿ ಒಂದೇ ಥರ, ಕೇಳುವವರಿಗೆ ಅಲ್ಲೇ ಕುತೂಹಲ ಜಾಸ್ತಿ, ಉಪಯೋಗ ಕಡಿಮೆ. ಮೂರು ವರ್ಷ ಅದರಲ್ಲಿದ್ದೆ. ಕೊನೆಯ ವರ್ಷ ನನ್ನ ಖರ್ಚಿಗಾಗಿ ಇನ್ನಿಬ್ಬರಿಗೆ ತಂದುಕೊಡುತ್ತಿದ್ದೆ. ಅದಕ್ಕೆ ಕಾನೂನಿನಲ್ಲಿ ಇರುವ ಹೆಸರು ಮಾರಾಟ ಅಂತಲೇ. ಪೇಪರಿನಲ್ಲಿ ಪೆಡ್ಲರ್ ಅಂತ ಬರೆದರು. ಅದು ಸುಳ್ಳು ಅಂತ ನಾನು ಹೇಳಲಾರೆ.

7 ಗ್ರಾಂ ಅಂದರೆ ಏನು ಅಂತ ಒಳಗೆ ಹೋದ ಮೇಲೆ ಗೊತ್ತಾಯಿತು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೆರಾಯಿನ್‌ಗೆ 5 ಗ್ರಾಂವರೆಗೆ ಸಣ್ಣ ಪ್ರಮಾಣ, ಒಂದು ವರ್ಷದವರೆಗೆ ಶಿಕ್ಷೆ. 250 ಗ್ರಾಂ ಮೇಲೆ ಹೋದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ, ಬೇಲ್ ಸಿಗುವುದೂ ಬಹಳ ಕಷ್ಟ. ನಡುವೆ ಇದ್ದವರಿಗೆ ಹತ್ತು ವರ್ಷದವರೆಗೆ ಎಷ್ಟು ಬೇಕಾದರೂ ಆಗಬಹುದು. ಬ್ರೌನ್ ಶುಗರ್‌ನಲ್ಲಿ ಅಸಲಿ ಮಾಲು ಇರುವುದೇ ಚೂರು, ಉಳಿದದ್ದು ಏನೇನೋ ಕಲಬೆರಕೆ. ಆದರೆ 2020ರಲ್ಲಿ ಸುಪ್ರೀಂ ಕೋರ್ಟ್ ಕಲಬೆರಕೆಯ ತೂಕವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು ಅಂತ ಹೇಳಿಬಿಟ್ಟಿದೆ. ಹಾಗಾಗಿ ನಾನು ಯಾರದ್ದೋ ಮಾತ್ರೆಪುಡಿ, ಯಾರದ್ದೋ ಗ್ಲೂಕೋಸು ಸೇರಿ ಎರಡು ಗ್ರಾಂ ಹೆಚ್ಚಾದವನು. ಅದೇ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಸೇದಿದ ಕೇಸು ಅಥವಾ ಸಣ್ಣ ಪ್ರಮಾಣದ ಕೇಸು ಇರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಹೋಗಿ ಅದನ್ನು ಪೂರ್ತಿ ಮುಗಿಸಿದರೆ ಅವನ ಮೇಲೆ ಕೇಸು ನಡೆಸುವ ಹಾಗಿಲ್ಲ. ಇದನ್ನು ನನಗೆ ಹೇಳಿದವನು ಪಕ್ಕದ ಬ್ಯಾರಕ್‌ನಲ್ಲಿದ್ದ, ಎಲ್‌ಎಲ್‌ಬಿ ಅರ್ಧಕ್ಕೆ ಬಿಟ್ಟ ಚೆಕ್ ಬೌನ್ಸ್ ಗಿರಾಕಿ. ಹೊರಗಿದ್ದಾಗ ಒಬ್ಬರೂ ಹೇಳಿರಲಿಲ್ಲ.

ಜೈಲಿನ ಮೊದಲ ವಾರದ ಬಗ್ಗೆ. ಕೊರೋನಾ ಕಾಲ, ಹೊಸದಾಗಿ ಬಂದವರನ್ನು ಬೇರೆ ಇಟ್ಟಿದ್ದರು. ಎರಡನೇ ದಿನ ಆಕಳಿಕೆ ಶುರುವಾಯಿತು. ಸುಮ್ನೆ ಆಕಳಿಕೆ ಅಂದುಕೊಳ್ಳಬೇಡಿ, ದವಡೆ ಕಳಚಿ ಬೀಳುವ ಹಾಗೆ. ಕಣ್ಣು ಮೂಗು ಎಲ್ಲ ಸೋರುತ್ತದೆ. ಮೈಮೇಲೆ ಕೂದಲೆಲ್ಲ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಹೊಟ್ಟೆ ಹಿಂಡಿ ಭೇದಿ, ರಾತ್ರಿ ಕಾಲುಗಳು ತಾವಾಗಿ ಒದೆಯುತ್ತವೆ. ಪಕ್ಕದಲ್ಲಿ ಮಲಗಿದ್ದವನು ಹಿಡಿಶಾಪ ಹಾಕಿ, ಬೆಳಗಿನ ಜಾವ ತನ್ನ ಕಂಬಳಿಯನ್ನೂ ನನಗೇ ಹೊದಿಸಿದ. ಅವನ ಮೇಲೆ ಕೊಲೆ ಕೇಸಿತ್ತು. ನೋವಿನ ಮಾತ್ರೆ ಕೊಟ್ಟರು, ಓಆರ್‌ಎಸ್ ಕೊಟ್ಟರು. ಮೂರನೇ ದಿನ ಸತ್ತರೆ ಸಾಕು ಅನ್ನಿಸಿತು. ಹತ್ತನೇ ದಿನ ಮುದ್ದೆ ರುಚಿಸಿತು.

ಎಲ್ಲರೂ ಅಲ್ಲಿಗೆ ಕತೆ ಮುಗಿಯಿತು ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಜೈಲಿಗೆ ಹೋದರೆ ಬುದ್ಧಿ ಬರುತ್ತೆ, ಚಟ ತಾನಾಗೇ ಬಿಡುತ್ತೆ ಅನ್ನುವ ಮಾತನ್ನು ಪೊಲೀಸರು ಹೇಳುತ್ತಾರೆ, ಲಾಯರ್ ಹೇಳುತ್ತಾರೆ, ಮನೆಯವರು ದೇವರ ಮುಂದೆ ಹೇಳಿಕೊಳ್ಳುತ್ತಾರೆ. (ಒಳಗೆ ಮಾಲು ಸಿಗುವುದೇ ಇಲ್ಲ ಅಂತ ನಂಬಿದವರೂ ಇದ್ದಾರೆ. ಪೇಪರ್ ಓದುವವರಿಗೆ ಬೇರೆ ಹೇಳಬೇಕಾಗಿಲ್ಲ.) ನನಗೆ ಒಳಗೆ ಕೊಳ್ಳಲು ದುಡ್ಡಿರಲಿಲ್ಲ, ಅಷ್ಟೇ. ಆ 14 ತಿಂಗಳಲ್ಲಿ ನನ್ನ ಮೈಯಿಂದ ಪುಡಿ ಹೋಗಿತ್ತು. ತಲೆಯಿಂದ ಹೋಗಿರಲಿಲ್ಲ. ಇಲ್ಲಿಂದ ಹೊರಗೆ ಹೋದ ದಿನ ಏನು ಮಾಡುತ್ತೀಯ ಅಂತ ಒಬ್ಬರೂ ಕೇಳಲಿಲ್ಲ, ಬೇಲ್ ಯಾವಾಗ ಅಂತ ಎಲ್ಲರೂ ಕೇಳಿದರು.

ಬೇಲ್ ಒಂಬತ್ತನೇ ತಿಂಗಳಿಗೇ ಆಗಿತ್ತು. ಇಬ್ಬರು ಶ್ಯೂರಿಟಿ ಬೇಕು, ಪಹಣಿ ಹಿಡಿದುಕೊಂಡು ಕೋರ್ಟಿಗೆ ಬಂದು ನಿಲ್ಲಬೇಕು. ಅಪ್ಪ ಇಲ್ಲ. ದೊಡ್ಡಪ್ಪನಿಗೆ ನಾಲ್ಕು ಎಕರೆ ತೆಂಗಿನ ತೋಟ ಇದೆ. ಅಮ್ಮ ಅವರ ಮನೆಗೆ ಮೂರು ಸಲ ಹೋದರು. ಮೂರನೇ ಸಲ ದೊಡ್ಡಮ್ಮ ಬಾಗಿಲಲ್ಲೇ ನಿಲ್ಲಿಸಿ, ಮಸ್ಕತ್‌ಗೆ ಹೋದೋನಿಗೆ ಶ್ಯೂರಿಟಿ ಯಾಕೆ ಬೇಕಮ್ಮ ಅಂದರಂತೆ. ಹೀಗೆ ಐದು ತಿಂಗಳು ಜಾಸ್ತಿ ಇದ್ದೆ. ಬೇಲ್ ಆಗಿದ್ದರೂ ಒಳಗೇ ಕೊಳೆಯುತ್ತಿದ್ದವರು ನಮ್ಮ ಬ್ಯಾರಕ್‌ನಲ್ಲೇ ಇನ್ನೂ ಕೆಲವರಿದ್ದರು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ವಿಚಾರಣೆ ಮುಗಿಯದವರು. ನಾನು ಹೊರಗೆ ಬಂದು ಎರಡು ತಿಂಗಳಿಗೆ, 2023ರ ಜನವರಿ 31ಕ್ಕೆ, ಸುಪ್ರೀಂ ಕೋರ್ಟ್ ಒಂದಷ್ಟು ಸೂಚನೆ ಕೊಟ್ಟಿತು. ಬೇಲ್ ಆಗಿ ಏಳು ದಿನದಲ್ಲಿ ಹೊರಗೆ ಹೋಗದವನ ವಿಷಯ ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಕೋರ್ಟೇ ಷರತ್ತು ಸಡಿಲ ಮಾಡಬಹುದೇ ಅಂತ ನೋಡಬೇಕು. ಓದಿ ನಗು ಬಂತು, ಹೊಟ್ಟೆಯೂ ಉರಿಯಿತು.

ಕೊನೆಗೆ ಅಮ್ಮನ ತವರಿನ ಕಡೆಯ ಒಬ್ಬ ಮಾವ ಬಂದರು. ಒಂದು ಎಕರೆ ಹತ್ತು ಗುಂಟೆ. ಅವರೇ ತಮ್ಮ ಪಕ್ಕದ ಜಮೀನಿನವರನ್ನೂ ಎರಡನೇ ಶ್ಯೂರಿಟಿಗೆ ಒಪ್ಪಿಸಿಕೊಂಡು ಬಂದಿದ್ದರು. ಕೋರ್ಟ್ ಹಾಲಿನ ಹೊರಗೆ ನನ್ನ ಕಡೆ ನೋಡದೇ, "ನೀನು ಓಡಿ ಹೋದ್ರೆ ನನ್ನ ನಲವತ್ತು ತೆಂಗಿನಮರ ಹೋಗ್ತವೆ, ನೆನಪಿಟ್ಕೋ" ಅಂದರು. ಆ 14 ತಿಂಗಳಲ್ಲಿ ನನ್ನನ್ನು ಯಾರಾದರೂ ನಂಬಿದ್ದು ಅಂದರೆ ಅದೊಂದೇ ಮಾತು.

ಕಾರ್ತಿಕ ಮಾಸದ ಕೊನೆ. ಬಿಡುಗಡೆಯಾದಾಗ ಸಂಜೆ ಏಳೂವರೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಎರಡು ಜೊತೆ ಬಟ್ಟೆ. ತಂಗಿ ಗೇಟಿನ ಹತ್ತಿರ ಒಂದು ಟ್ರಾಲಿ ಬ್ಯಾಗ್ ಹಿಡಿದು ನಿಂತಿದ್ದಳು. ಹೊಸದು. ಅದರೊಳಗೆ ಒಂದು ಡಬ್ಬ ಖರ್ಜೂರ, ಎರಡು ಪ್ಯಾಕೆಟ್ ಚಾಕೊಲೇಟು, ಒಂದು ಸೆಂಟು. ಬೀದಿಗೆ ಹಂಚಲು. ಮೆಜೆಸ್ಟಿಕ್‌ನಲ್ಲಿ ಕೊಂಡದ್ದಂತೆ. ಆ ಬ್ಯಾಗನ್ನು ನೋಡಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಬಸ್ಸಿನಲ್ಲಿ ಕೂತು ನಗುತ್ತಾ ಅಳುತ್ತಾ ಊರು ಬಂತು.

ಆ ಬ್ಯಾಗೇ ನನಗೆ ಮುಳುವಾಯಿತು ಅಂತ ಈಗ ಅನ್ನಿಸುತ್ತದೆ. ಮಸ್ಕತ್‌ನಿಂದ ಬಂದವನು ಖುಷಿಯಾಗಿರಬೇಕು. ಮಸ್ಕತ್‌ನಿಂದ ಬಂದವನಿಗೆ ರಾತ್ರಿ ನಿದ್ದೆ ಬರದಿದ್ದರೆ, ಬೆವರಿದರೆ, ಮನೆ ಬಿಟ್ಟು ಹೊರಗೆ ಬರಲು ಹೆದರಿದರೆ ಕಾರಣ ಹೇಳಬೇಕು. ನನಗೆ ಆಸೆ ಹತ್ತುತ್ತಿದೆ, ತಲೆಯಲ್ಲಿ ಅದೇ ಓಡುತ್ತಿದೆ ಅಂತ ಯಾರ ಹತ್ತಿರ ಹೇಳಲಿ? ಅಮ್ಮನಿಗೆ ಹೇಳುವ ಹಾಗಿಲ್ಲ, ಅವರ ಪ್ರಕಾರ ಜೈಲಿನಲ್ಲಿ ಎಲ್ಲ ವಾಸಿಯಾಗಿದೆ. ಬೀದಿಯವರಿಗೆ ಹೇಳುವ ಹಾಗಿಲ್ಲ, ಅವರ ಪ್ರಕಾರ ಕಾಯಿಲೆಯೇ ಬಂದಿರಲಿಲ್ಲ. ನನ್ನ ನಿಜ ಗೊತ್ತಿದ್ದವರು ಅಂದರೆ ಬೆಂಗಳೂರಿನ ಹಳೆಯ ಗೆಳೆಯರು ಮಾತ್ರ. ಅವರ ನಂಬರು ಬಾಯಿಪಾಠ ಇತ್ತು.

ಹೊರಗೆ ಬಂದು ಒಂಬತ್ತನೇ ದಿನಕ್ಕೆ ಒಂದು ಫೋನು ಬಂತು. ನಮ್ಮ ಬ್ಯಾರಕ್‌ನಲ್ಲಿದ್ದ ಹುಡುಗ, ನನಗಿಂತ ವಾರ ಮುಂಚೆ ಹೊರಗೆ ಹೋಗಿದ್ದವನು, ತೀರಿಕೊಂಡ. ಇಪ್ಪತ್ತಮೂರು ವರ್ಷ. ಮೊದಲು ಎಷ್ಟು ತಗೊಳ್ತಿದ್ದನೋ ಅಷ್ಟೇ ತಗೊಂಡಿದ್ದ. ವಿಷಯ ಅದೇ. ದಿನಾ ತೆಗೆದುಕೊಳ್ಳುವವನ ಮೈ ಅದಕ್ಕೆ ಒಗ್ಗಿರುತ್ತದೆ, ತಿಂಗಳುಗಟ್ಟಲೆ ಬಿಟ್ಟಾಗ ಆ ಒಗ್ಗಿಕೊಂಡದ್ದೆಲ್ಲ ಹೋಗುತ್ತದೆ, ಆಸೆ ಮಾತ್ರ ಹಳೆಯ ಅಳತೆಯಲ್ಲೇ ಇರುತ್ತದೆ. ಹಳೆಯ ಅಳತೆಯಲ್ಲಿ ತೆಗೆದುಕೊಂಡರೆ ಉಸಿರಾಟ ನಿಧಾನವಾಗುತ್ತಾ ಹೋಗಿ ನಿಂತುಬಿಡುತ್ತದೆ. ಆಮೇಲೆ ಡಾಕ್ಟರೊಬ್ಬರು ನನಗೆ ಒಂದು ಲೆಕ್ಕ ಹೇಳಿದರು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಹೊರಬಂದ 30,237 ಜನರನ್ನು ಗಮನಿಸಿ 2007ರಲ್ಲಿ ಒಂದು ವರದಿ ಬಂದಿತ್ತಂತೆ. ಹೊರಬಂದ ಮೊದಲ ಎರಡು ವಾರದಲ್ಲಿ ಸಾಯುವ ಅಪಾಯ ಉಳಿದ ಜನರಿಗಿಂತ 12.7 ಪಟ್ಟು ಜಾಸ್ತಿ. ಡ್ರಗ್ಸ್ ಹೆಚ್ಚಾಗಿ ಸಾಯುವುದನ್ನಷ್ಟೇ ತೆಗೆದುಕೊಂಡರೆ 129 ಪಟ್ಟು. ಆ ಎರಡು ವಾರ ನಾನು ಬೀದಿಗೆ ಖರ್ಜೂರ ಹಂಚುತ್ತಿದ್ದೆ.

ಹುಡುಗನ ಸುದ್ದಿ ಕೇಳಿ ಎರಡೇ ದಿನಕ್ಕೆ ನಾನೂ ಹೋದೆ. ಬೆಂಗಳೂರಿನಲ್ಲಿ ಕೆಲಸ ನೋಡ್ತೀನಿ ಅಂತ ಅಮ್ಮನ ಹತ್ತಿರ ಐನೂರು ಇಸಕೊಂಡು ಬಸ್ ಹತ್ತಿದೆ. ಅವನು ಸತ್ತದ್ದು ಗೊತ್ತಿದ್ದೂ ಹೋದೆಯಾ ಅಂತ ಕೇಳುತ್ತೀರಿ. ಗೊತ್ತಿದ್ದೇ ಹೋದೆ. ಅವನ ನೆನಪಿಗೆ ಹೆದರಿ ಮೊದಲಿನ ಕಾಲು ಭಾಗ ಮಾತ್ರ ತೆಗೆದುಕೊಂಡೆ, ಅಷ್ಟೇ ವ್ಯತ್ಯಾಸ. ಅಷ್ಟಕ್ಕೇ ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ಕುಸಿದೆ. ಆ ಶೌಚಾಲಯ ನೋಡಿಕೊಳ್ಳುವವರು ಒಬ್ಬ ವಯಸ್ಸಾದವರು, ತುಂಬ ಹೊತ್ತಾದರೂ ಬರಲಿಲ್ಲ ಅಂತ ಬಾಗಿಲು ಒದ್ದು ತೆಗೆದರು. ಮುಖಕ್ಕೆ ನೀರು ಹೊಡೆದು, ಎರಡು ಕೆನ್ನೆಗೂ ಬಾರಿಸಿ, ಎಳೆದು ಕಲ್ಲುಬೆಂಚಿನ ಮೇಲೆ ಕೂರಿಸಿ ಒಂದೂವರೆ ಗಂಟೆ ಮಲಗಲು ಬಿಡದೇ ಮಾತಾಡಿಸಿದರು. ಯಾವೂರು, ಎಷ್ಟು ಜನ ಅಣ್ಣತಮ್ಮಂದಿರು, ಮಳೆ ಹೆಂಗೆ. ಪೊಲೀಸರನ್ನು ಕರೆಯಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು, ಅದು ಅವರಿಗೂ ಗೊತ್ತಿರಲಿಲ್ಲ, ನಾನು ಬದುಕಿದ್ದು ಅದೃಷ್ಟ. ಬಸ್ ಹತ್ತಿಸುವಾಗ ನಾನು ಕೊಟ್ಟಿದ್ದ ಐದು ರೂಪಾಯಿಯನ್ನೂ ವಾಪಸ್ ಜೇಬಿಗೆ ಹಾಕಿದರು. ಆಮೇಲೆ ಎರಡು ಸಲ ಅವರನ್ನು ಹುಡುಕಿಕೊಂಡು ಹೋದೆ, ಅಲ್ಲಿ ಬೇರೆಯವರಿದ್ದರು.

ಆ ರಾತ್ರಿ ತಂಗಿಗೆ ಹೇಳಿದೆ. ಮಹಡಿ ಮೆಟ್ಟಿಲಲ್ಲಿ ಕೂತು, ಅಮ್ಮನಿಗೆ ಕೇಳದ ಹಾಗೆ. ಅವಳು ಬೈಯಲಿಲ್ಲ. ಇನ್ನೂ ಎಷ್ಟಿದೆ ನಿನ್ನ ಹತ್ತಿರ ಅಂತ ಕೇಳಿದಳು. ಇಲ್ಲ ಅಂದೆ. ಜೇಬು ತೋರಿಸು ಅಂದಳು. ತೋರಿಸಿದೆ. ಬೆಳಿಗ್ಗೆ ಮೊದಲ ಪ್ಯಾಸೆಂಜರ್ ರೈಲಿಗೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಳು. ನಾವು ಅದಕ್ಕೂ ಮುಂಚೆ, ಅರೆಸ್ಟ್ ಆಗುವ ಹಿಂದಿನ ವರ್ಷ, ಒಂದು ಖಾಸಗಿ ಸೆಂಟರಿಗೆ ಮೂರು ತಿಂಗಳಿಗೆ ದುಡ್ಡು ಕಟ್ಟಿದ್ದೆವು. ಅಲ್ಲಿ ಚಿಕಿತ್ಸೆ ಅಂದರೆ ಬೀಗ, ಬೆಲ್ಟು ಮತ್ತು ಪ್ರಾರ್ಥನೆ. ಅದಕ್ಕೇ ಆಸ್ಪತ್ರೆ ಅಂದರೆ ನನಗೆ ಭಯವಿತ್ತು. ಇಲ್ಲಿ ಡಾಕ್ಟರು ಮೊದಲು ಕೇಳಿದ್ದು ನಿದ್ದೆ ಹೇಗೆ ಅಂತ. ಎಷ್ಟು ದಿನ ಜೈಲಿನಲ್ಲಿದ್ದೆ ಅಂತ ಹೇಳಿದಾಗ ಮುಖ ತಿರುಗಿಸಲಿಲ್ಲ, ಬರೆದುಕೊಂಡು, ಹಾಗಾದರೆ ಹೊರಬಂದು ಎರಡು ವಾರವೂ ಆಗಿಲ್ಲ, ಈಗ ಬಂದದ್ದು ಒಳ್ಳೆಯದಾಯಿತು ಅಂದರು.

ಬುಪ್ರಿನಾರ್ಫಿನ್ ಅನ್ನುವ ಮಾತ್ರೆ ಶುರು ಮಾಡಿದರು. ನುಂಗುವ ಹಾಗಿಲ್ಲ, ನಾಲಿಗೆ ಕೆಳಗೆ ಇಟ್ಟುಕೊಂಡು ಪೂರ್ತಿ ಕರಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಕಹಿ. ಪುಡಿ ಮಿದುಳಿನಲ್ಲಿ ಹೋಗಿ ಎಲ್ಲಿ ಕೂರುತ್ತದೋ ಇದೂ ಅಲ್ಲೇ ಕೂರುತ್ತದೆ, ಆದರೆ ಅಷ್ಟು ಮತ್ತು ಕೊಡುವುದಿಲ್ಲ, ಆಸೆಯನ್ನೂ ನರಳಾಟವನ್ನೂ ತಡೆದು ಹಿಡಿಯುತ್ತದೆ. ದಿನಾ ಬೆಳಿಗ್ಗೆ ಆ ಹತ್ತು ನಿಮಿಷ ನಾನು ಮೂಕ. ಅಮ್ಮ ಅದೇ ಹೊತ್ತಿಗೆ ಸರಿಯಾಗಿ ಏನಾದರೂ ಕೇಳುತ್ತಿದ್ದರು. ನಾನು ಕೈಸನ್ನೆ ಮಾಡುತ್ತಿದ್ದೆ. ಒಂದು ದಿನ ಅವರೇ, "ಮಾತ್ರೆ ಕರಗಲಿ, ಆಮೇಲೆ ಹೇಳು" ಅಂದರು. ತಂಗಿ ಯಾವಾಗ ಹೇಳಿದ್ದಳೋ ಗೊತ್ತಿಲ್ಲ. ಮನೆಯಲ್ಲಿ ಮಸ್ಕತ್ ಮುಗಿದದ್ದು ಆವತ್ತು.

ಶ್ಯೂರಿಟಿ ಕೊಟ್ಟ ಮಾವನಿಗೆ ಮಾತ್ರ ಈ ಮಾತ್ರೆ ಸರಿ ಕಾಣಲಿಲ್ಲ. ಒಂದು ಬಿಟ್ಟು ಇನ್ನೊಂದು ಹಿಡಿದೆ, ಅಷ್ಟೇ ಅಲ್ವಾ ಅಂದರು. ಬಿಪಿ ಮಾತ್ರೆ ಎಷ್ಟು ವರ್ಷದಿಂದ ತಗೊಳ್ತಿದೀರ ಮಾವ ಅಂತ ಬಾಯಿ ತುದಿಗೆ ಬಂದಿತ್ತು. ಅವರ ತೆಂಗಿನಮರ ನೆನಪಾಗಿ ಸುಮ್ಮನಾದೆ. ಆದರೆ ಈ ಮಾತು ನನಗೆ ಬಹಳ ಜನರಿಂದ ಬಂದಿದೆ, ಓದಿಕೊಂಡವರಿಂದಲೂ. ಡೋಸು ನಿಧಾನವಾಗಿ ಇಳಿಸಿಕೊಂಡು ಬಂದು, ಹೋದ ವರ್ಷ ನಿಂತಿತು. ನಿಂತದ್ದಕ್ಕೆ ಹೆಮ್ಮೆ ಅಂತೇನಿಲ್ಲ. ಇನ್ನೂ ಬೇಕಾಗಿದ್ದರೆ ಇನ್ನೂ ತಗೊಳ್ತಿದ್ದೆ.

ಕೆಲಸದ ವಿಷಯಕ್ಕೆ ಬರುತ್ತೇನೆ. ಎಲೆಕ್ಟ್ರಿಷಿಯನ್ ಅಂದರೆ ಜನರ ಮನೆಯೊಳಗೆ, ಬೆಡ್‌ರೂಮಿನೊಳಗೆ ಹೋಗುವವನು. ಮೊಬೈಲಿನಲ್ಲಿ ಬುಕ್ ಮಾಡಿ ಮನೆಗೆ ಕರೆಸಿಕೊಳ್ಳುವ ಒಂದು ಕಂಪನಿಗೆ ಅರ್ಜಿ ಹಾಕಿದೆ, ಟೆಸ್ಟು ಪಾಸಾದೆ, ಕೊನೆಗೆ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ಬೇಕು ಅಂದರು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವ ಪುಟ ತೆರೆದು ಅರ್ಧ ಗಂಟೆ ಕೂತಿದ್ದು ಮುಚ್ಚಿದೆ. ಕೇಸು ನಡೆಯುತ್ತಿದೆ ಅಂತ ಬರುತ್ತದೆ, ಇನ್ನೇನು ಬರುತ್ತದೆ. ಆಮೇಲೆ ಇನ್ನೆರಡು ಕಡೆ ಅದೇ. ತಪ್ಪು ಮಾಡಿದ್ದೀಯ, ಅನುಭವಿಸು ಅನ್ನಬಹುದು. ಸರಿ. ಆದರೆ ಎಲ್ಲಿಯವರೆಗೆ ಅನ್ನುವುದನ್ನು ಯಾರೂ ಹೇಳುವುದಿಲ್ಲ ನೋಡಿ. ಜಡ್ಜು ಹೇಳುವ ಶಿಕ್ಷೆಗಾದರೂ ಒಂದು ತಾರೀಕು ಇರುತ್ತದೆ.

ಊರಿನಲ್ಲೇ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿ. ನಮ್ಮ ಕಡೆ ಎಲ್ಲ ಬೋರ್‌ವೆಲ್ಲು, ತೆಂಗು, ಅಡಿಕೆ. ಬೇಸಿಗೆ ಬಂತು ಅಂದರೆ ವೋಲ್ಟೇಜ್ ಇಲ್ಲದೆ, ಬೋರಿನಲ್ಲಿ ನೀರಿಲ್ಲದೆ ಮೋಟಾರ್ ಸುಡುವುದೇ ಸುಡುವುದು, ಫೆಬ್ರವರಿಯಿಂದ ಮೇ ತನಕ ಅಂಗಡಿ ಮುಂದೆ ಟ್ರ್ಯಾಕ್ಟರ್ ಸಾಲು. ಯಜಮಾನರಿಗೆ ನಾನೇ ಎಲ್ಲ ಹೇಳಿದೆ. ಅವರು ಬೀಡಿ ಹಚ್ಚಿಕೊಂಡು, "ಕಾಯಿಲ್ ಸುತ್ತೋಕೆ ಬರುತ್ತಾ?" ಅಂದರು. ಇಲ್ಲ, ಕಲೀತೀನಿ ಅಂದೆ. ಸುಟ್ಟ ಕಾಯಿಲ್ ಕತ್ತರಿಸಿ ತೆಗೆದು, ಸ್ಲಾಟ್‌ಗಳನ್ನು ಉಜ್ಜಿ, ಸುತ್ತು ಎಣಿಸಿಕೊಂಡು ಹೊಸ ತಾಮ್ರದ ತಂತಿ ಕೂರಿಸಬೇಕು. ಒಂದು ಸುತ್ತು ತಪ್ಪಿದರೆ ಮತ್ತೆ ಸುಡುತ್ತದೆ. ಸುಟ್ಟದ್ದನ್ನು ಮತ್ತೆ ಕಟ್ಟುವುದು, ಆಹಾ, ಎಂಥ ಹೋಲಿಕೆ ಅಂತ ಅಂದುಕೊಳ್ಳಬೇಡಿ. ಬೆನ್ನು ನೋಯುವ ಕೆಲಸ ಅದು. ಆದರೆ ಎಣಿಸುತ್ತಿರುವಾಗ ತಲೆಯಲ್ಲಿ ಬೇರೇನೂ ಇರುವುದಿಲ್ಲ. ಅದು ನನಗೆ ಬೇಕಾಗಿತ್ತು.

ಸೇರಿ ಐದು ತಿಂಗಳಿಗೆ ಒಂದು ದಿನ ಗುಜರಿ ತಾಮ್ರದ ಚೀಲ ಒಂದು ಕಾಣಲಿಲ್ಲ. ಹದಿನೆಂಟು ಕೆಜಿ. ಸುಟ್ಟ ತಾಮ್ರವೂ ದುಡ್ಡೇ. ಅಂಗಡಿಯಲ್ಲಿ ನಾವು ನಾಲ್ಕು ಜನ. ಯಾರೂ ಏನೂ ಹೇಳಲಿಲ್ಲ, ನಾಲ್ಕರಲ್ಲಿ ಮೂರು ಜನ ನನ್ನ ಕಡೆ ನೋಡದ ಹಾಗೆ ಕೆಲಸ ಮಾಡತೊಡಗಿದರು. ನೋಡುವುದಕ್ಕಿಂತ ಅದು ಕೆಟ್ಟದ್ದು. ಮಧ್ಯಾಹ್ನ ಊಟಕ್ಕೆ ಡಬ್ಬಿ ತೆಗೆದರೆ ಪಕ್ಕದವನು ಎದ್ದು ಹೊರಗೆ ಹೋದ. ನನಗೆ ನನ್ನ ಮೇಲೇ ಅನುಮಾನ ಬಂತು ಅಂದರೆ ನಂಬುತ್ತೀರಾ? ಮೊದಲು ನಾನು ಹಾಗೆ ಸೈಟಿನಿಂದ ವೈರು ಕದ್ದು ಮಾರಿದವನೇ. ಆವತ್ತು ಸಂಜೆ ಐದು ಗಂಟೆಗೆ ಕಾಲು ತಾನಾಗಿ ಬಸ್ ಸ್ಟ್ಯಾಂಡ್ ಕಡೆ ಹೋಯಿತು. ಬೆಂಗಳೂರು ಬಸ್ಸು ನಿಂತಿತ್ತು. ಕಂಡಕ್ಟರ್ ಕೂಗುತ್ತಿದ್ದ. ಮಾಡದ ತಪ್ಪಿಗೆ ಈ ಪಾಡಾದರೆ ಮಾಡಿದರೇನು ಅನ್ನುವ ಯೋಚನೆ ಇದೆಯಲ್ಲ, ಅದರಷ್ಟು ಸಲೀಸಾಗಿ ಯಾವ ಪೆಡ್ಲರೂ ಮಾಲು ದಾಟಿಸಲಾರ. ತಂಗಿಗೆ ಫೋನ್ ಮಾಡಿದೆ. ಬಸ್ ಹೋಗುವವರೆಗೂ ಫೋನ್ ಇಡಬೇಡ ಅಂದಳು. ಅವಳು ಅಡುಗೆ ಮಾಡುತ್ತಿದ್ದಳು, ಒಗ್ಗರಣೆ ಸದ್ದು ಕೇಳುತ್ತಿತ್ತು. ಬಸ್ ಹೋಯಿತು.

ಮಾರನೇ ದಿನ ಚೀಲ ಸಿಕ್ಕಿತು. ಮಳೆ ಬರುತ್ತೆ ಅಂತ ಯಜಮಾನರ ಹೆಂಡತಿ ಅದನ್ನು ಮನೆಯ ಹಿಂದಿನ ಕೊಟ್ಟಿಗೆಗೆ ಹಾಕಿಸಿದ್ದರು. ಯಾರೂ ಸಾರಿ ಅನ್ನಲಿಲ್ಲ. ಸಾರಿ ಅನ್ನಲು ಯಾರೂ ಏನೂ ಅಂದೇ ಇರಲಿಲ್ಲವಲ್ಲ. ಊಟಕ್ಕೆ ಎದ್ದು ಹೋಗಿದ್ದವನು ನನ್ನ ಡಬ್ಬಿಗೆ ಎರಡು ಚಮಚ ಉಪ್ಪಿನಕಾಯಿ ಹಾಕಿದ. ಎರಡು ವಾರ ಬಿಟ್ಟು ಯಜಮಾನರು ತಿರುಪತಿಗೆ ಹೋಗುವಾಗ ಅಂಗಡಿ ಬೀಗದ ಕೈ ನನ್ನ ಕೈಗೆ ಕೊಟ್ಟರು. ಈಗಲೂ ಒಂದು ಬೀಗದ ಕೈ ನನ್ನ ಹತ್ತಿರವೇ ಇದೆ. ಅದಕ್ಕೆ ಕತ್ತಲಲ್ಲಿ ಹೊಳೆಯುವ ಒಂದು ಕೀ ಟ್ಯಾಗ್ ಹಾಕಿದ್ದೇನೆ. ಚಟ ಬಿಡುವವರೇ ಸೇರಿ ನಡೆಸುವ ನಾರ್ಕೋಟಿಕ್ಸ್ ಅನಾನಿಮಸ್ ಮೀಟಿಂಗಿನಲ್ಲಿ ಒಂದು ವರ್ಷ ಆದವರಿಗೆ ಕೊಡುವಂಥದ್ದು. ಮೊದಲ ದಿನ ಬಂದವರಿಗೆ ಬಿಳಿ, ಮೂವತ್ತು ದಿನಕ್ಕೆ ಕಿತ್ತಳೆ, ಹೀಗೆ. ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುತ್ತೇನೆ, ಹೆಸರು ಹೇಳಿ ನಾನೊಬ್ಬ ಅಡಿಕ್ಟ್ ಅನ್ನುತ್ತೇನೆ, ಮಸ್ಕತ್ ವಿಷಯ ಹೇಳಿ ಎಲ್ಲರನ್ನೂ ನಗಿಸುತ್ತೇನೆ.

ಕೇಸು 2024ರಲ್ಲಿ ಮುಗಿಯಿತು. ವಾಯಿದೆ ಮೇಲೆ ವಾಯಿದೆ ತಿರುಗಿ ಸಾಕಾಗಿ ತಪ್ಪೊಪ್ಪಿಕೊಂಡೆ. ಒಳಗಿದ್ದ 14 ತಿಂಗಳನ್ನೇ ಶಿಕ್ಷೆ ಅಂತ ಲೆಕ್ಕ ಹಾಕಿ, ಮೇಲೆ ದಂಡ ಹಾಕಿದರು. ಕಟ್ಟಿದೆ. ಮಾವನ ಪಹಣಿ ಬಿಡುಗಡೆ ಆಯಿತು. ಅವರು ಅವತ್ತು ಒಂದು ಮೂಟೆ ತೆಂಗಿನಕಾಯಿ ಮನೆಗೆ ಕಳಿಸಿದರು.

ನಮ್ಮ ಎದುರುಮನೆ ಅಕ್ಕನ ವಿಷಯ ಹೇಳಲೇಬೇಕು. ನಾನು ಬಂದಾಗಿನಿಂದ ತಿಂಗಳಿಗೊಮ್ಮೆಯಾದರೂ ಕೇಳುತ್ತಾರೆ, "ಮಸ್ಕತ್‌ಗೆ ಮತ್ತೆ ಯಾವಾಗಪ್ಪ ಹೋಗೋದು?" ಅಂತ. ಮೊದಮೊದಲು ಚುಚ್ಚಲು ಕೇಳುತ್ತಾರೆ ಅಂದುಕೊಳ್ಳುತ್ತಿದ್ದೆ, ಆಮೇಲೆ ನಿಜವಾಗಿಯೂ ನಂಬಿದ್ದಾರೆ ಅನ್ನಿಸಿತು. ಹೋದ ತಿಂಗಳು ಒಂದು ಸಂಜೆ ಮಿಕ್ಸಿ ಹಿಡಿದುಕೊಂಡು ಅಂಗಡಿಗೆ ಬಂದರು. ಬೇರೆಯವರೆಲ್ಲ ಹೋಗಿದ್ದರು. ಶಬ್ದ ಜಾಸ್ತಿ ಬರ್ತಿದೆ ನೋಡು ಅಂದರು. ಹಾಕಿ ನೋಡಿದೆ, ಏನೂ ಆಗಿರಲಿಲ್ಲ. ಅವರು ಹೋಗಲಿಲ್ಲ. ಸೆರಗಿನ ತುದಿ ಸುತ್ತುತ್ತಾ ನಿಂತಿದ್ದರು.

"ನಮ್ಮ ಹುಡುಗನೂ ಮಸ್ಕತ್‌ಗೆ ಹೋಗ್ಬಿಡ್ತಾನೇನೋ ಅಂತ ಭಯ ಆಗ್ತಿದೆ ಕಣಪ್ಪ" ಅಂದರು.

ನಾನು ಮಿಕ್ಸಿ ಮುಚ್ಚಳ ಹಾಕುತ್ತಿದ್ದವನು ಹಾಗೇ ನಿಂತೆ.

"ಹೋಗದೇ ಇರೋ ಹಂಗೆ ಏನಾದ್ರೂ ಇದೆಯಾ?"

ಎಷ್ಟು ದಿನದಿಂದ ಅಂತ ಕೇಳಿದೆ. ಐದಾರು ತಿಂಗಳಿಂದ ಅಂದರು. ಹುಡುಗನಿಗೆ ಹತ್ತೊಂಬತ್ತು, ಡಿಪ್ಲೊಮಾ ಓದುತ್ತಾನೆ. ಯಾವುದೋ ನೋವಿನ ಮಾತ್ರೆ, ಹಾಸಿಗೆ ಕೆಳಗೆ ಖಾಲಿ ಸ್ಟ್ರಿಪ್‌ಗಳು ಸಿಕ್ಕಿವೆ. ಪೊಲೀಸರಿಗೆ ಹಿಡಿದುಕೊಟ್ಟರೆ ಬುದ್ಧಿ ಬರುತ್ತೆ ಅಂತ ಅವರ ಯಜಮಾನರು ಹೇಳುತ್ತಿದ್ದಾರಂತೆ. ಕೂರಿ ಅಕ್ಕ ಅಂದು ಸ್ಟೂಲು ಹಾಕಿದೆ. ಚಟ ಬಿಡಿಸುವ ಸರ್ಕಾರಿ ಸಹಾಯವಾಣಿಯ 14446 ನಂಬರ್ ಬರೆದುಕೊಟ್ಟೆ, ದುಡ್ಡು ಕೊಡಬೇಕಾಗಿಲ್ಲ, ಫೋನ್ ಮಾಡಿ ಕೇಳಬಹುದು ಅಂದೆ. ಅವರು ಚೀಟಿ ನೋಡಿ, ನೀನೇ ಕರ್ಕೊಂಡು ಹೋಗೋಕಾಗುತ್ತಾ ಅಂದರು. ಗುರುವಾರ ಅಂಗಡಿಗೆ ರಜೆ ಹಾಕುತ್ತೇನೆ ಅಂದೆ.

ಗುರುವಾರ ಬೆಳಿಗ್ಗೆ ಹುಡುಗ ಸ್ಟೇಷನ್ನಿಗೆ ಬಂದ. ಮುಖ ಗಂಟು ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ತುಮಕೂರು ದಾಟುವವರೆಗೂ ಮಾತಿಲ್ಲ. ನಾನೂ ಮಾತಾಡಿಸಲಿಲ್ಲ, ಆಕಳಿಸುತ್ತಿದ್ದವನಿಗೆ ನೀರಿನ ಬಾಟಲಿ ಕೊಟ್ಟೆ. ದಾಬಸ್‌ಪೇಟೆ ಹತ್ತಿರ ಬಂದಾಗ ಇಯರ್‌ಫೋನ್ ತೆಗೆದ.

"ಅಣ್ಣ, ಮಸ್ಕತ್‌ನಲ್ಲಿ ಊಟ ಹೆಂಗಿತ್ತು?"

"ಮುದ್ದೆ, ಸಾರು" ಅಂದೆ.